ಓರೆಯಾಗಿ ಹೆಪ್ಪಾದ ಜೆಲ್ಲಿ

ಪ್ಲಗ್ಗು ಕೆಂಪು ಧೂಳಿನಲ್ಲಿ ಬಿದ್ದಿತ್ತು.

ಸಾರ್ಜೆಂಟ್ ಬ್ರೈಡಿ ಹ್ಯಾಲರನ್ ಮಂಡಿಯೂರಿ ಅದನ್ನು ಕೈಗೆತ್ತಿಕೊಂಡಳು. ಪೊಲೀಸ್ ಜೀಪಿನ ಬ್ಯಾಟರಿಯಿಂದ, ಹಿಂದೆ ಕಟ್ಟಿದ ಟ್ರೇಲರಿನ ಫ್ರಿಜ್ಜಿಗೆ ಕರೆಂಟು ಒಯ್ಯುವ ವೈರಿನ ತುದಿ ಅದು. ಹೊರಡುವಾಗ ಅವಳೇ ಕೈಯಾರೆ ಚುಚ್ಚಿ, ಎಳೆದು ನೋಡಿ, ಮೇಲೆ ಟೇಪು ಸುತ್ತಿದ್ದಳು. ಈಗ ಟೇಪನ್ನು ಯಾರೋ ಉಗುರಿನಿಂದ ನಾಜೂಕಾಗಿ ಬಿಡಿಸಿದ್ದರು.

"ಏನಾಯ್ತು ಬ್ರೈಡಿ?" ಜೀಪಿನ ಕಿಟಕಿಯಿಂದ ಲೋರ್ನಾ ಮಾಟ್ರಮ್ ಕೇಳಿದಳು. ಎಪ್ಪತ್ತರ ಹೆಂಗಸು. ಹ್ಯಾಟಿನಿಂದ ಇಳಿಬಿಟ್ಟ ನೊಣದ ಬಲೆಯೊಳಗೆ ಮುಖ ಮಸುಕಾಗಿ ಕಾಣುತ್ತಿತ್ತು. ಮಂಚ, ಒಲೆ, ಫ್ರಿಜ್ಜು ಎಲ್ಲ ಇರುವ ಆ ಮನೆಗಾಡಿ ಟ್ರೇಲರು ಅವಳದೇ.

"ಮಣ್ಣುದಾರಿಗೆ ತಿರುಗೋ ಮುಂಚೆ ಮರಳಲ್ಲಿ ಹೂಳಬಾರದು ಅಂತ ಚಕ್ರದ ಗಾಳಿ ಇಳಿಸ್ತಾ ಇದ್ದೆ. ಆಗ ಕೊಂಡಿ ಗಟ್ಟಿ ಇದೆಯಾ ನೋಡ್ತೀನಿ ಅಂತ ಇಳಿದ್ರಲ್ಲ ನೀವು."

"ಇಳಿದೆ. ಕೊಂಡಿ ಗಟ್ಟಿ ಇತ್ತು."

"ಪ್ಲಗ್ಗು?"

"ಈ ದಾರೀಲಿ ಬಾಯಲ್ಲಿರೋ ಹಲ್ಲೇ ಉದುರ್ತವೆ ತಾಯಿ. ಪ್ಲಗ್ಗು ಉದುರೋದು ಏನು ಮಹಾ."

ಬ್ರೈಡಿ ಪ್ಲಗ್ಗಿನ ಧೂಳು ಊದಿ ಮತ್ತೆ ಚುಚ್ಚಿದಳು. ದನ ತಡೆಯುವ ಈ ಗೇಟು ತೆಗೆಯಲು ಇಳಿಯದೆ ಹೋಗಿದ್ದರೆ ಹಳ್ಳ ಸೇರುವವರೆಗೂ ಗೊತ್ತಾಗುತ್ತಲೇ ಇರಲಿಲ್ಲ. ಹೊರಗೆ ಬಿಸಿಲು ನಲವತ್ತೈದು ದಾಟಿತ್ತು. ಕಬ್ಬಿಣದ ಗೇಟಿನ ಚಿಲಕವನ್ನು ಅಂಗಿಯ ತೋಳಿನಿಂದ ಹಿಡಿದು ತೆಗೆಯಬೇಕಾಗಿತ್ತು.

ಹಿಂದೆ ಬರುತ್ತಿದ್ದ ಬಿಳಿ ಕಾರು ನಿಂತಿತು. ಪಟ್ಟಣದಿಂದ ಬಂದಿದ್ದ ಇನ್‌ಸ್ಪೆಕ್ಟರ್ ಪೆಲ್ಯೂ ಗಾಜನ್ನು ಎರಡು ಬೆರಳಷ್ಟೇ ಇಳಿಸಿದ.

"ಸಾರ್ಜೆಂಟ್, ನಿಮ್ಮ ಸಿಹಿ ಕರಗಿ ಪಾನಕ ಆಯ್ತಾ?"

"ಇಲ್ಲ ಸಾರ್."

"ನೋಡಿದ್ರಾ?"

"ಬಾಗಿಲು ತೆಗೆದ್ರೆ ಇರೋ ತಂಪೂ ಹೋಗುತ್ತೆ. ಹಳ್ಳದ ಹತ್ರಾನೇ ತೆಗೆಯೋದು."

"ಒಂದೇ ಸಲ ನಿಲ್ತೀನಿ ಅಂತ ಮಾತು ಕೊಟ್ಟಿದೀನಿ. ಅಲ್ಲಿ ಬರೀ ನೀರು ಕಂಡ್ರೆ ಇವಳನ್ನ ಕರ್ಕೊಂಡು ನೇರ ವಿಮಾನದ ಹತ್ರ ಹೋಗ್ತೀನಿ. ಆಮೇಲೆ ಫೋನು ಮಾಡಿ ಗೋಳಾಡಬಾರದು."

ಗಾಜು ಏರಿತು. ಹಿಂದಿನ ಸೀಟಿನಲ್ಲಿ ಕೈಗೆ ಕೋಳ ತೊಟ್ಟ ಟ್ಯಾಮ್ಸಿನ್ ರಡಕ್ ತಲೆ ಎತ್ತಲಿಲ್ಲ.

ಮೊನ್ನೆ ಈ ಮಣ್ಣುದಾರಿಯ ಒಣಹಳ್ಳದ ಬಳಿ ಅವಳ ತಂದೆ, ಕೋಲೂರಿ ನಡೆಯುವ ಮುದುಕ ಕ್ಲೆಮ್ ರಡಕ್, ನೀರಿಲ್ಲದೆ ಸತ್ತುಬಿದ್ದಿದ್ದ. ಅಂದಿನಿಂದ ಟ್ಯಾಮ್ಸಿನ್ ಒಂದೇ ಮಾತು ಹೇಳುತ್ತಿದ್ದಳು: "ನಾನೇ ಕೊಂದೆ. ಜಗಳ ಆಯ್ತು, ಇಳಿಸಿ ಹೊರಟುಬಿಟ್ಟೆ. ಹಿಂದೆ ವಿಕ್ ಮಾಮ, ಲೋರ್ನಾ ಅತ್ತೆ ಬರ್ತಾ ಇದ್ರು, ಹತ್ತಿಸ್ಕೊತಾರೆ ಅಂದ್ಕೊಂಡೆ."

ಕ್ಲೆಮ್‌ನ ಹಳೆಯ ಸ್ನೇಹಿತರಾದ ಲೋರ್ನಾ ಮತ್ತು ಅವಳ ಗಂಡ ವಿಕ್ ಹೇಳಿದ್ದು ಬೇರೆ. ತಾವು ಈ ದಾರಿಗೇ ಬರಲಿಲ್ಲ, ಹೆದ್ದಾರಿಯಲ್ಲೇ ಬಂದೆವು, ಬೆಳಗ್ಗೆಯಿಂದ ಸಂಜೆಯವರೆಗೆ ಎಲ್ಲೂ ನಿಲ್ಲದೆ ಗಾಡಿ ಓಡಿಸಿದೆವು ಎಂದು.

ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಗಿತ್ತು. ತಂದೆಯನ್ನು ಬೆಂಕಿಯಂಥ ಬಿಸಿಲಿನಲ್ಲಿ ಇಳಿಸಿ ಹೋದ ಮಗಳು, ತಾನೇ ಒಪ್ಪಿಕೊಂಡ ಮಗಳು. ಇನ್ನೇನು ಬೇಕು?

ಬ್ರೈಡಿಗೆ ಸಾಕಾಗಿರಲಿಲ್ಲ. ಅದಕ್ಕೆ ಕಾರಣ ಒಂದು ತಟ್ಟೆ ಹಸಿರು ಜೆಲ್ಲಿ.

ಸಾವಾದ ಮನೆಯವರಿಗೆ ಆ ಸೀಮೆಯಲ್ಲಿ ಸುತ್ತಲಿನವರು ತಲೆಗೊಂದು ತಟ್ಟೆ ತಂದು ಊಟ ಹಾಕುತ್ತಾರೆ. ಟ್ರೇಲರುಗಳಲ್ಲಿ ಊರೂರು ಸುತ್ತುವ ಮುದುಕ ಮುದುಕಿಯರೂ ಆ ಪದ್ಧತಿ ಬಿಟ್ಟವರಲ್ಲ. ನಿನ್ನೆ ಮಧ್ಯಾಹ್ನ ಹೆದ್ದಾರಿ ಬದಿಯ ರೋಡ್‌ಹೌಸಿನ ಹಿಂದೆ ಟ್ರೇಲರುಗಳು ತಂಗುವ ಪಾರ್ಕಿನಲ್ಲಿ ಉದ್ದನೆಯ ಮೇಜಿನ ಮೇಲೆ ತಣ್ಣಗಿನ ಮಾಂಸ, ಆಲೂ ಸಲಾಡು, ಬ್ರೆಡ್ಡು ಬಂದು ಕೂತವು. ಲೋರ್ನಾ ತನ್ನ ಫ್ರಿಜ್ಜಿನಿಂದ ಉದ್ದನೆಯ ಗಾಜಿನ ತಟ್ಟೆಯಲ್ಲಿ ಜೆಲ್ಲಿ ತಂದಿಟ್ಟಳು. "ಟ್ಯಾಮ್ಸಿನ್‌ಗೂ ಸ್ವಲ್ಪ ಕಳಿಸಿ," ಎಂದಳು. "ಚಿಕ್ಕಂದಿನಿಂದ ಅವಳಿಗೆ ಹಸಿರೇ ಇಷ್ಟ."

ಬ್ರೈಡಿ ಚಮಚ ಹಿಡಿದು ಬಾಗಿದಳು. ಬಾಗಿದವಳು ಹಾಗೇ ನಿಂತಳು.

ತಟ್ಟೆಯ ಒಂದು ಕೊನೆಯಲ್ಲಿ ಜೆಲ್ಲಿ ಅಂಚು ಮುಟ್ಟಿತ್ತು. ಇನ್ನೊಂದು ಕೊನೆಯಲ್ಲಿ ಅಂಚಿಗಿಂತ ಹೆಬ್ಬೆರಳಷ್ಟು ಕೆಳಗಿತ್ತು. ಮೇಜು ಓರೆಯೇನೋ ಎಂದು ಪಕ್ಕದ ಲೋಟದ ನೀರು ನೋಡಿದಳು. ನೀರು ಲೋಟದ ಅಂಚಿಗೆ ಸಮನಾಗಿಯೇ ಇತ್ತು. ಓರೆ ಇದ್ದದ್ದು ಜೆಲ್ಲಿಯೊಳಗೆ.

ಮೊಸರಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಅಲುಗಿಸಬಾರದು ಎಂದು ಯಾವ ತಾಯಿಗೆ ತಿಳಿಯದು? ಜೆಲ್ಲಿಯೂ ಹಾಗೆಯೇ. ಕುದಿಯುವ ನೀರಿಗೆ ಪುಡಿ ಕದಡಿ ತಂಪಿನಲ್ಲಿಟ್ಟರೆ, ಅಲುಗದೆ ನಿಂತ ಕಡೆ ಮಾತ್ರ ಹೆಪ್ಪಾಗುತ್ತದೆ. ನಿಂತ ನೆಲ ಓರೆಯಾದರೆ ಹೆಪ್ಪೂ ಓರೆ. ಓಡುವ ಗಾಡಿಯಲ್ಲಾದರೆ ತುಳುಕಿ ಫ್ರಿಜ್ಜೆಲ್ಲ ಹಸಿರಾಗುತ್ತಿತ್ತು.

ಅಲ್ಲದೆ, ಟ್ರೇಲರಿನ ಆ ಫ್ರಿಜ್ಜು ನಿಂತಾಗ ಗ್ಯಾಸಿನಲ್ಲಿ ನಡೆಯುತ್ತದೆ, ಪಾರ್ಕಿನಲ್ಲಿ ಮನೆ ಕರೆಂಟಿನಲ್ಲಿ, ದಾರಿಯಲ್ಲಿ ಕಾರಿನ ಬ್ಯಾಟರಿಯಲ್ಲಿ. ಬ್ಯಾಟರಿಗೆ ಇರುವ ತಂಪನ್ನು ಕಾಯುವ ತ್ರಾಣವಷ್ಟೇ ಉಂಟು. ಬಿಸಿಯಾದದ್ದನ್ನು ತಣಿಸುವ ತ್ರಾಣ ಇಲ್ಲ. ಅದಕ್ಕೇ ಈ ಜನ ಹಿಂದಿನ ದಿನವೇ ಫ್ರಿಜ್ಜನ್ನು ಚೆನ್ನಾಗಿ ತಣಿಸಿ, ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಸಂದುಗೊಂದಿಗೆ ತುರುಕಿ, ಬಾಗಿಲಿಗೆ ಬೆಲ್ಟು ಬಿಗಿದು ಹೊರಡುವುದು. ಓಡುವ ಗಾಡಿಯಲ್ಲಿ ಜೆಲ್ಲಿ ಮಾಡುವವರು ಯಾರೂ ಇಲ್ಲ.

ಮೊನ್ನೆ ರಾತ್ರಿ ಪಾರ್ಕಿನಲ್ಲೇ ಮಾಡಿರಬಹುದಲ್ಲ ಎಂದು ಪೆಲ್ಯೂ ಕೇಳಿದ್ದ. ಅದಕ್ಕೂ ಬ್ರೈಡಿ ಉತ್ತರ ಹುಡುಕಿದ್ದಳು. ವಿಕ್ ಮಾಟ್ರಮ್ ಪಾರ್ಕಿಗೆ ಬಂದರೆ ಮೊದಲು ಮಾಡುವುದೇ ಗಾಡಿಯ ನೆಲದ ಮೇಲೆ ಗಾರೆಯವರ ರಸಮಟ್ಟ ಇಟ್ಟು ಅದರೊಳಗಿನ ಗಾಳಿಗುಳ್ಳೆ ನಡುವಿಗೆ ಬರುವ ತನಕ ಚಕ್ರದಡಿ ಹಲಗೆ ತುರುಕುವುದು. ಗಾಡಿ ಓರೆಯಾದರೆ ಆ ಫ್ರಿಜ್ಜು ಸರಿಯಾಗಿ ತಣಿಸುವುದಿಲ್ಲ. ಈ ವಿಷಯದಲ್ಲಿ ಅವನ ಮಡಿ ಎಷ್ಟೆಂದರೆ ಪಾರ್ಕಿನವರು ಅವನನ್ನು ಹಿಂದಿನಿಂದ 'ಗುಳ್ಳೆ ವಿಕ್' ಎನ್ನುತ್ತಿದ್ದರು. ಅವನ ಟ್ರೇಲರು ನಿನ್ನೆಯೂ ಅಲ್ಲಿ ಗೆರೆ ಎಳೆದಂತೆ ಮಟ್ಟವಾಗಿ ನಿಂತಿತ್ತು.

ಹಾಗಾದರೆ ಈ ಜೆಲ್ಲಿ ಬೇರೆಲ್ಲೋ ಓರೆನೆಲದಲ್ಲಿ, ಗಂಟೆಗಟ್ಟಲೆ ನಿಂತ ಗಾಡಿಯಲ್ಲಿ ಹೆಪ್ಪಾದದ್ದು.

ಎಲ್ಲಿ?

ಉತ್ತರ ಹೇಳುವ ಒಂದೇ ಸಾಕ್ಷಿ ಈಗ ಫ್ರಿಜ್ಜಿನಲ್ಲಿ ಕೂತಿತ್ತು. ಅದು ಹೆಪ್ಪಾಗಿಯೇ ಹಳ್ಳ ಮುಟ್ಟಬೇಕಾಗಿತ್ತು.

ಬ್ರೈಡಿ ಜೀಪು ಹತ್ತಿ ಹೊರಟಳು. ಗುಂಡಿ ಬಂದ ಕಡೆಯೆಲ್ಲ ಮೊಟ್ಟೆಯ ಬುಟ್ಟಿ ಹೊತ್ತವಳಂತೆ ನಿಧಾನಿಸಿದಳು.

"ನಿಧಾನ ಹೋದ್ರೆ ಕರಗುತ್ತೆ," ಎಂದಳು ಲೋರ್ನಾ. "ಜೋರು ಹೋದ್ರೆ ಒಡೆಯುತ್ತೆ. ನಿನ್ನ ಪಾಡು ಯಾರಿಗೂ ಬೇಡ."

"ನಿಮ್ಮ ಪಾಡು?"

"ನಂದೇನು. ನನ್ನ ಟ್ರೇಲರಲ್ಲಿ ನನ್ನ ಜೆಲ್ಲಿ. ಯಾವ ಕಾನೂನಲ್ಲಿ ತಪ್ಪು ಹೇಳು."

"ಹೆದ್ದಾರೀಲಿ ಎಲ್ಲೂ ನಿಲ್ಲಲಿಲ್ಲ ಅಂದಿದ್ರಿ."

"ನಿಂತಿರಬಹುದು. ವಯಸ್ಸಾದವರು, ಗಿಡದ ಮರೆಗೆ ಹೋಗಬೇಕಾಗುತ್ತೆ. ಅದನ್ನೂ ಬರ್ಕೊತೀಯಾ?"

"ಜೆಲ್ಲಿ ಗಟ್ಟಿಯಾಗೋ ಅಷ್ಟು ಹೊತ್ತು ಗಿಡದ ಮರೆಯಲ್ಲಿ ಕೂತಿದ್ರಾ?"

ಲೋರ್ನಾ ನಕ್ಕಳು. ಚೀಲದಿಂದ ಪೆಪ್ಪರ್‌ಮಿಂಟು ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಬ್ರೈಡಿಯತ್ತ ಚಾಚಿದಳು. ಬ್ರೈಡಿ ಬೇಡವೆಂದು ತಲೆಯಾಡಿಸಿದಳು.

"ಪ್ಲಗ್ಗು ಯಾವಾಗ ಬಿತ್ತೋ ನಿಂಗೆ ಗೊತ್ತಿಲ್ಲ," ಲೋರ್ನಾ ಮೆಲ್ಲಗೆ ಹೇಳಿದಳು. "ಗೇಟಿನ ಹತ್ರ ಬಿತ್ತೋ, ತಿರುವಿನಲ್ಲೇ ಬಿತ್ತೋ. ಒಳಗೆ ಇಷ್ಟು ಹೊತ್ತಿಗೆ ಬೆಚ್ಚಗಿನ ಹಸಿರು ನೀರು ಇರಬಹುದು. ಪಾಪ, ಆ ಹುಡುಗಿ ನಿನ್ನನ್ನ ನಂಬ್ಕೊಂಡು ಕೂತಿದಾಳೆ. ಒಂದು ಸಲ ತೆಗೆದು ನೋಡಿಬಿಡು. ನಿನ್ನ ಮನಸ್ಸಿಗಾದ್ರೂ ಸಮಾಧಾನ ಆಗಲಿ."

ಬ್ರೈಡಿಯ ಕಾಲು ಬ್ರೇಕಿನತ್ತ ತಾನಾಗಿಯೇ ಸರಿಯಿತು. ಒಂದು ಸಲ. ಕಣ್ಣಿನಿಂದ ನೋಡಿ ಮುಚ್ಚಿದರೆ ಆಯಿತು. ಆದರೆ ಈ ಬಿಸಿಲಿನಲ್ಲಿ ಬಾಗಿಲು ತೆರೆದರೆ ತಂಪು ಕಾಲಬುಡದಲ್ಲಿ ಸುರಿದು ಹೋಗುತ್ತದೆ, ಅದನ್ನು ಮರಳಿ ತರುವ ಶಕ್ತಿ ಬ್ಯಾಟರಿಗಿಲ್ಲ. ಅದು ಅವಳಿಗಿಂತ ಲೋರ್ನಾಗೆ ಚೆನ್ನಾಗಿ ಗೊತ್ತು.

"ನಿಮ್ಮ ಕೈಯಿಂದಾನೇ ತೆಗೆಸ್ತೀನಿ. ಹಳ್ಳದ ಹತ್ರ," ಎಂದು ಅವಳು ಗೇರು ಬದಲಿಸಿದಳು.

ಲೋರ್ನಾ ಪೆಪ್ಪರ್‌ಮಿಂಟನ್ನು ಕಟಕ್ಕೆಂದು ಕಡಿದಳು.

ಒಣಹಳ್ಳದಲ್ಲಿ ಇದ್ದದ್ದು ಒಂದೇ ಮರ. ಅದರ ಬುಡದ ಇಳಿಜಾರಿನಲ್ಲಿ ಎರಡು ಚಕ್ರ ಬಹಳ ಹೊತ್ತು ನಿಂತು ಮರಳಿನಲ್ಲಿ ಹೂತ ಗುಳಿಗಳಿದ್ದವು. ಮರದ ಆಚೆ, ಒಂದು ಕಲ್ಲೆಸೆತದ ಒಳಗೇ, ಕ್ಲೆಮ್ ಬಿದ್ದಿದ್ದ ಜಾಗದಲ್ಲಿ ಪೊಲೀಸರು ನೆಟ್ಟ ಗೂಟ.

ಪೆಲ್ಯೂ ತನ್ನ ಕಾರನ್ನು ದೂರದ ದಿಬ್ಬದ ಮೇಲೆ ನಿಲ್ಲಿಸಿದ. ಟ್ಯಾಮ್ಸಿನ್‌ಗಾಗಿ ಎಂಜಿನ್ನು ಓಡುತ್ತಲೇ ಇರಲಿ ಎಂದು ಬಿಟ್ಟು, ಗಾಜುಗಳನ್ನು ಏರಿಸಿ, ಬಾಗಿಲು ಹಾಕಿ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಇಳಿದು ಬಂದ.

"ಗುಳಿ ಯಾರದ್ದೂ ಆಗಿರಬಹುದು ಸಾರ್ಜೆಂಟ್."

"ಹೌದು ಸಾರ್. ಅದಕ್ಕೇ ಜೆಲ್ಲಿ ತಂದಿದ್ದು."

ಅವಳು ಹಿಂದೆ ಮುಂದೆ ಮಾಡಿ, ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸದೆ, ಟ್ರೇಲರಿನ ಚಕ್ರಗಳನ್ನು ಅದೇ ಗುಳಿಗಳಿಗೆ ಇಳಿಸಿದಳು. ಗಾಡಿ ಒಂದು ಬದಿಗೆ ವಾಲಿ ನಿಂತಿತು. ಮೂವರೂ ಒಳಗೆ ಹತ್ತಿದರು. ಒಳಗೆ ಒಲೆಯೊಳಗಿನ ಕಾವು.

"ತೆಗೀರಿ ಲೋರ್ನಾ."

ಲೋರ್ನಾ ಬೆಲ್ಟು ಬಿಚ್ಚಿ ಬಾಗಿಲು ತೆರೆದಳು.

ಬಾಟಲಿಗಳೊಳಗಿನ ಮಂಜುಗಡ್ಡೆ ಅರ್ಧಕ್ಕೆ ಅರ್ಧ ನೀರಾಗಿತ್ತು. ತಟ್ಟೆಯ ಮೂಲೆಗಳಲ್ಲಿ ಜೆಲ್ಲಿ ಬೆವರುತ್ತಿತ್ತು. ಬ್ರೈಡಿ ಬೆರಳ ತುದಿಯಿಂದ ನಡುವೆ ಮುಟ್ಟಿದಳು. ಅದು ನಡುಗಿತು. ನಡುಗಿ ಮತ್ತೆ ತನ್ನ ಜಾಗಕ್ಕೆ ಬಂತು.

ಕರಗಿರಲಿಲ್ಲ.

ಅವಳು ಒಂದು ಚಮಚ ನೀರು ತೆಗೆದುಕೊಂಡು ಜೆಲ್ಲಿಯ ಮೇಲೆ ಸುರಿದಳು. ನಿನ್ನೆ ಪಾರ್ಕಿನ ಮಟ್ಟನೆಲದಲ್ಲಿ ಪೆಲ್ಯೂ ಎದುರೇ ಹೀಗೆ ಸುರಿದಾಗ ನೀರು ಒಂದೇ ಕೊನೆಗೆ ಓಡಿ ನಿಂತಿತ್ತು.

ಇಲ್ಲಿ ನೀರು ಎತ್ತಲೂ ಓಡಲಿಲ್ಲ. ತಟ್ಟೆಯ ಉದ್ದಕ್ಕೂ ತೆಳ್ಳಗೆ, ಸಮನಾಗಿ ಹರಡಿ ನಿಂತಿತು. ಗಾಜಿನ ಮೇಲೆ ಗಾಜು ಇಟ್ಟ ಹಾಗೆ.

"ತಿರುಗಿಸಿಡಿ," ಎಂದ ಪೆಲ್ಯೂ.

ಅವಳು ತಟ್ಟೆಯ ಹಿಂದಿನ ಕೊನೆಯನ್ನು ಮುಂದಕ್ಕೆ ತಿರುಗಿಸಿಟ್ಟಳು. ನೀರು ಸರ್ರನೆ ಇಳಿದು ಅಂಚಿನಿಂದ ತೊಟ್ಟಿಕ್ಕಿತು. ಮೊದಲಿನಂತೆ ಇಟ್ಟು ಮತ್ತೊಂದು ಚಮಚ ಸುರಿದಳು. ಮತ್ತೆ ಸಮ.

ಪೆಲ್ಯೂ ಬಹಳ ಹೊತ್ತು ಆ ನೀರನ್ನೇ ನೋಡಿದ.

"ನಿಮ್ಮ ಯಜಮಾನರು ಎಲ್ಲಿ ನಿಂತ್ರೂ ಮೊದಲು ಹಲಗೆ ಹಾಕ್ತಾರೆ," ಬ್ರೈಡಿ ಲೋರ್ನಾಳತ್ತ ತಿರುಗಿದಳು. "ಇಲ್ಲಿ ಇಷ್ಟು ಹೊತ್ತು ನಿಂತರೂ ಯಾಕೆ ಹಾಕಲಿಲ್ಲ?"

ಲೋರ್ನಾ ನೊಣದ ಬಲೆಯನ್ನು ಹ್ಯಾಟಿನ ಮೇಲಕ್ಕೆ ಎತ್ತಿದಳು. ಮುಖದಲ್ಲಿ ಭಯ ಇರಲಿಲ್ಲ. ದಿನದ ಕೆಲಸ ಮುಗಿಸಿ ಕುಳಿತ ಹೆಂಗಸಿನ ದಣಿವು ಮಾತ್ರ ಇತ್ತು.

"ಹಲಗೆ ಹಾಕೋಕೆ ಇಳೀಬೇಕಲ್ಲ. ಇಳಿದ್ರೆ ಕ್ಲೆಮ್ ಮುಖ ನೋಡಬೇಕಾಗ್ತಿತ್ತು."

ಪೆಲ್ಯೂ ಜೇಬಿನಿಂದ ನೋಟುಬುಕ್ಕು ತೆಗೆದ.

"ನಮ್ಮ ಗಾಡಿ ಕಂಡು ಕೈ ಬೀಸಿದ," ಅವಳು ಬೆಂಚಿನ ಮೇಲೆ ಕೂತು ಹೇಳಿದಳು. "ಟ್ಯಾಮ್ಸಿನ್ ಬಿಟ್ಟುಹೋಗಿದ್ದ ಬಾಟಲಿ ಅಷ್ಟೊತ್ತಿಗೇ ಕುಡಿದು ಮುಗಿಸಿದ್ದ, ಸ್ನೇಹಿತರು ಬರ್ತಾರಲ್ಲ ಅಂತ. ನಾವು ಮರದ ಕೆಳಗೆ ನಿಲ್ಲಿಸಿದ್ವಿ. ಅವನು ಕೋಲೂರ್ಕೊಂಡು ಬರೋ ಅಷ್ಟರಲ್ಲಿ ಕಾರಿಗೆ ಬೀಗ ಹಾಕಿ ಟ್ರೇಲರು ಹತ್ತಿ ಒಳಗಿಂದ ಚಿಲಕ ಹಾಕ್ಕೊಂಡ್ವಿ. ಮೊದಲು ತಮಾಷೆ ಅಂದ್ಕೊಂಡ. ಏ ಗುಳ್ಳೆ, ತೆಗೆಯೋ, ಅಂದ. ಬೆರಳಲ್ಲಿ ಬಡಿದ. ಆಮೇಲೆ ಕೋಲಲ್ಲಿ. ಕೋಲು ಬಿದ್ದು ಹೋಯ್ತೇನೋ, ಕೊನೆಗೆ ಅಂಗೈಯಲ್ಲಿ ಬಡೀತಿದ್ದ. ಮೆತ್ತಗೆ. ಬೆಕ್ಕು ಬಾಗಿಲು ತಳ್ಳುತ್ತಲ್ಲ, ಹಾಗೆ."

"ನೀವು ಒಳಗೆ ಏನು ಮಾಡ್ತಿದ್ರಿ?" ಬ್ರೈಡಿ ಕೇಳಿದಳು.

"ವಿಕ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಂಗೆ ಸುಮ್ನೆ ಕೂತು ಅಭ್ಯಾಸ ಇಲ್ಲ. ನೀರು ಕಾಯಿಸಿದೆ, ಜೆಲ್ಲಿ ಮಾಡಿದೆ. ನಲ್ಲಿ ನೀರು ಬೀಳೋ ಸದ್ದಿಗೆ ಅವನು ಬಡಿಯೋದು ಜೋರಾಯ್ತು."

ಪೆಲ್ಯೂ ಹೊರಗಿನ ಗೂಟದತ್ತ ನೋಡಿ ಮುಖ ತಿರುಗಿಸಿದ.

"ಯಾಕೆ ಲೋರ್ನಾ? ಮೂವತ್ತು ವರ್ಷದ ಸ್ನೇಹ ನಿಮ್ಮದು."

"ನಮ್ಮ ಮಗ ನೀಲ್‌ಗೆ ಆಗ ಹತ್ತೊಂಬತ್ತು." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಬೋರು ಕೊರೆಯೋ ಕೆಲಸಕ್ಕೆ ಕ್ಲೆಮ್ ಜೊತೆ ಹೋದವನು. ಲಾರಿ ಮರಳಲ್ಲಿ ಹೂತಾಗ ಹುಡುಗ ಹೇಳದೆ ಕೇಳದೆ ನಡ್ಕೊಂಡು ಹೋಗಿ ದಾರಿ ತಪ್ಪಿಸ್ಕೊಂಡ ಅಂತ ಕೋರ್ಟಲ್ಲಿ ಹೇಳಿದ. ನಾವು ನಂಬಿದ್ವಿ. ಇಷ್ಟು ವರ್ಷ ಆ ಕ್ಲೆಮ್ ಹುಟ್ಟುಹಬ್ಬಕ್ಕೆ ನಾನೇ ಕೇಕ್ ಮಾಡಿದೀನಿ. ಹೋದ ವಾರ ನಿಜ ಗೊತ್ತಾಯ್ತು. ಲಾರಿ ಮರಳಿಂದ ಎದ್ದು ಬಂದಿತ್ತು. ನೀಲ್ ಕಾಲು ಮುರ್ಕೊಂಡು ಬಿದ್ದಿದ್ದ. ಇದ್ದ ಒಂದು ಕ್ಯಾನ್ ನೀರು ತಗೊಂಡು ಇವನು ಹೊರಟುಬಿಟ್ಟ. ನನ್ನ ಮಗ ಎಷ್ಟು ಕೂಗಿದನೋ."

"ನಿಜ ಹೇಳಿದ್ದು ಯಾರು?"

ಲೋರ್ನಾ ಎದ್ದು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. "ತೆಗೆದಿಟ್ರೆ ಹಾಳಾಗುತ್ತೆ," ಎಂದಳು. ಬ್ರೈಡಿ ಮತ್ತೆ ಕೇಳಿದಳು. ಲೋರ್ನಾ ಬಾಗಿಲಿಗೆ ಬೆಲ್ಟು ಬಿಗಿದಳು.

ಇನ್‌ಸ್ಪೆಕ್ಟರ್ ಜೇಬಿನಿಂದ ಸಣ್ಣ ಕೀಲಿ ತೆಗೆದು ಬ್ರೈಡಿಯ ಕೈಗಿಟ್ಟ.

"ನೀವೇ ಹೋಗಿ ಬಿಚ್ಚಿ ಸಾರ್ಜೆಂಟ್. ನಾನು ಇವರ ಜೊತೆ ಇರ್ತೀನಿ." ಸ್ವಲ್ಪ ತಡೆದು, "ತಪ್ಪಾಯ್ತು," ಎಂದ.

ಬ್ರೈಡಿ ದಿಬ್ಬ ಹತ್ತಿದಳು. ಮರಳು ಬೂಟಿನೊಳಗೆ ಸುಡುತ್ತಿತ್ತು. ಆ ಹುಡುಗಿಗೆ ಏನೆಂದು ಹೇಳುವುದು? ನಿನ್ನ ತಂದೆಯನ್ನು ನೀನು ಕೊಲ್ಲಲಿಲ್ಲ ಎನ್ನಬಹುದು. ಆದರೆ ಅವನು ಹೇಗೆ ಸತ್ತ ಎಂಬುದನ್ನು ಹೇಳಲು ನಾಲಿಗೆ ಏಳಬೇಕಲ್ಲ. ಬಾಗಿಲಿನ ಮಾತು, ಅಂಗೈಯ ಮಾತು ಬೇಡ. ಅವನ್ನೆಲ್ಲ ಇವತ್ತು ಹೇಳಬಾರದು. ಮೊದಲು ಕೈ ಬಿಚ್ಚೋಣ, ಒಂದು ಲೋಟ ನೀರು ಕುಡಿಸೋಣ. ಉಳಿದದ್ದನ್ನು ಎಂದಾದರೂ, ಯಾರಾದರೂ ಅವಳ ಭುಜ ಹಿಡಿದು ಕೂತಾಗ ಹೇಳಿದರಾಯಿತು.

ಕಾರಿನ ಬಾಗಿಲು ತೆರೆದಾಗ ತಂಪುಗಾಳಿ ಮುಖಕ್ಕೆ ಬಡಿಯಿತು. ಎಂಜಿನ್ನು ಗುರ್ರೆನ್ನುತ್ತಿತ್ತು. ಕೆಳಗಿನ ಟ್ರೇಲರು ಇಲ್ಲಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

"ಟ್ಯಾಮ್ಸಿನ್, ಮಗು," ಬ್ರೈಡಿ ಅವಳ ಪಕ್ಕ ಕೂತಳು. "ವಿಕ್, ಲೋರ್ನಾ ಇಲ್ಲಿಗೆ ಬಂದಿದ್ರು. ಇಲ್ಲೇ ನಿಂತಿದ್ರು. ಲೋರ್ನಾ ಒಪ್ಪಿಕೊಂಡ್ರು. ನೀನು ಕೊಲ್ಲಲಿಲ್ಲ."

ಟ್ಯಾಮ್ಸಿನ್ ಅಳಲಿಲ್ಲ. ಕೋಳ ತೊಟ್ಟ ಕೈಗಳನ್ನು ಮುಂದಕ್ಕೆ ಚಾಚಿದಳು. ಮಣಿಕಟ್ಟುಗಳ ಮೇಲೆ ಕೆಂಪು ಬರೆ ಎದ್ದಿತ್ತು. ಬ್ರೈಡಿ ಕೀಲಿ ಚುಚ್ಚಿ ತಿರುಗಿಸತೊಡಗಿದಳು.

"ಬ್ರೈಡಿ," ಹುಡುಗಿ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. "ಬಾಗಿಲು ಬಡಿಯೋದನ್ನ ಅಪ್ಪ ಯಾವಾಗ ನಿಲ್ಲಿಸಿದ್ರಂತೆ?"

ಕೀಲಿ ಅರ್ಧದಲ್ಲಿ ನಿಂತಿತು. ಬಾಗಿಲಿನ ಮಾತನ್ನು ಬ್ರೈಡಿ ಎತ್ತಿರಲೇ ಇಲ್ಲ, ನಿಜ ಹೇಳಿದವರ ಹೆಸರನ್ನು ಲೋರ್ನಾ ಬಿಟ್ಟುಕೊಟ್ಟಿರಲಿಲ್ಲ.

ಬ್ರೈಡಿ ಹುಡುಗಿಯ ಮುಖ ನೋಡಿದಳು. ಹುಡುಗಿಗೆ ತಾನೇನು ಕೇಳಿದೆ ಎಂಬುದರ ಅರಿವು ಇನ್ನೂ ಆಗಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದಳು.

ಬ್ರೈಡಿ ಕೀಲಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.